ಹೋಂಡಾ ಕಟ್ಟಿದ ಕ್ಲಬ್

ಜಪಾನಿನ ಫುಟ್‌ಬಾಲ್ ಆಟಗಾರ ಕೈಸುಕೆ ಹೋಂಡಾ ಅಂದ್ರೆ ನನಗೆ ಯಾಕಿಷ್ಟು ಇಷ್ಟ ಅಂತ ಚಿಕ್ಕಮಗಳೂರಿನ ನಮ್ಮ ಫುಟ್‌ಬಾಲ್ ಹುಡುಗರು ಕೇಳುತ್ತಲೇ ಇರುತ್ತಾರೆ. ಬರೀ ಗೋಲುಗಳಿಗಲ್ಲ. ಗಾಂಬಾ ಒಸಾಕಾ ಅನ್ನೋ ಜಪಾನಿನ ಕ್ಲಬ್ಬಿನ ಕಿರಿಯರ ತಂಡದಲ್ಲಿದ್ದವನನ್ನು ಕ್ಲಬ್ಬಿನವರು ಮುಂದಿನ ಹಂತಕ್ಕೆ ತೆಗೆದುಕೊಳ್ಳಲಿಲ್ಲ. ಅವನು ಶಾಲಾ ತಂಡದಲ್ಲಿ ಆಡಿ, 2005ರಲ್ಲಿ ನಗೋಯಾ ಗ್ರಾಂಪಸ್ ಕ್ಲಬ್ ಸೇರಿ, ಆಮೇಲೆ ನೆದರ್‌ಲೆಂಡ್ಸಿನ ವೆನ್ಲೊ, ಮಾಸ್ಕೋದ ಸಿಎಸ್‌ಕೆಎ ಅಂತ ದಾಟಿಕೊಂಡು 2014ರಲ್ಲಿ ಇಟಲಿಯ ಎಸಿ ಮಿಲಾನ್‌ನ 10ನೇ ನಂಬರ್ ಅಂಗಿ ತೊಟ್ಟ. 2010ರ ವಿಶ್ವಕಪ್ಪಿನಲ್ಲಿ ಡೆನ್ಮಾರ್ಕ್ ವಿರುದ್ಧ ಹೊಡೆದ ಫ್ರೀ ಕಿಕ್ ಒಮ್ಮೆ ನೋಡಿ. 2014, 2018ರಲ್ಲೂ ಗೋಲು ಹೊಡೆದ.

ನನಗೆ ಜಾಸ್ತಿ ಹಿಡಿಸಿದ್ದು 2020ರ ಕೆಲಸ. ಇನ್ನೂ ಆಡುತ್ತಿರುವಾಗಲೇ ಒನ್ ಟೋಕಿಯೋ ಅಂತ ಕ್ಲಬ್ ಕಟ್ಟಿದ. ಈಗ ಅದು ಎಡೋ ಆಲ್ ಯುನೈಟೆಡ್. ಟೋಕಿಯೋ ಲೀಗಿನ ತೀರಾ ಕೆಳಗಿನ ವಿಭಾಗದಿಂದ ಶುರು! ಬೆಂಬಲಿಗರೂ ಕ್ಲಬ್ಬಿನ ತೀರ್ಮಾನಗಳಲ್ಲಿ ಪಾಲ್ಗೊಳ್ಳಬೇಕು ಅನ್ನೋದು ಅವನ ಯೋಚನೆ.

ನಮ್ಮೂರಲ್ಲಿ ಚೆನ್ನಾಗಿ ಆಡೋ ಹುಡುಗರು ಕಾಲೇಜು ಮುಗಿಸಿ ಬೆಂಗಳೂರಿಗೆ ಹೋದ ಕೂಡಲೇ ತಂಡ ಚದುರಿಹೋಗುತ್ತದೆ. ನನಗೆ ತುಂಬಾ ಬೇಜಾರಾಗುವುದು ಇದೇ. ಊರವರೇ ಸದಸ್ಯರಾಗಿ, ವರ್ಷಕ್ಕಿಷ್ಟು ಅಂತ ದುಡ್ಡು ಹಾಕಿ, ಚಿಕ್ಕ ಮಕ್ಕಳ ತಂಡದಿಂದ ನಮ್ಮದೇ ಒಂದು ಕ್ಲಬ್ ಶುರು ಮಾಡಬಹುದು ಅಲ್ವಾ? ಕಡೂರು, ಮೂಡಿಗೆರೆ ಕಡೆಯವರೂ ಬನ್ನಿ, ಕೂತು ಮಾತಾಡೋಣ.