ಗಂಧಕ ಬಿಲ್ಲೆ ಕಟ್ಟಿದ ದಿನ

ಒತ್ತಡದ ಹಬೆಯಲ್ಲಿ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಯಂತ್ರ, ಆಟೋಕ್ಲೇವ್, ತೆರೆದಾಗ ಬ್ಯಾಕ್ಟೀರಿಯಾ ಬೆಳೆಸುವ ಬಾಟಲಿಗಳ ತಳದಲ್ಲಿ ಗಂಧಕದ ಪುಡಿ ಇರಲಿಲ್ಲ, ಗಟ್ಟಿ ಹಳದಿ ಬಿಲ್ಲೆಗಳಿದ್ದವು. ಗಂಧಕ ಕರಗುವುದು ಸುಮಾರು 115 ಡಿಗ್ರಿಗೆ, ಯಂತ್ರ ಏರಿದ್ದು 121ಕ್ಕೆ. ಗೊತ್ತಿದ್ದವರೂ ಅವಸರದಲ್ಲಿ ಎಡವುವ ಜಾಗ ಇದು. ಬಿಲ್ಲೆಯಾದರೆ ಮೇಲ್ಮೈ ಕುಗ್ಗುತ್ತದೆ, ಬ್ಯಾಕ್ಟೀರಿಯಾಕ್ಕೆ ಸಿಗುವ ಗಂಧಕವೂ ಕುಗ್ಗುತ್ತದೆ. ಪುಡಿಯನ್ನು ಬೇರೆಯಾಗಿ 100 ಡಿಗ್ರಿ ಹಬೆಯಲ್ಲಿ ದಿನಕ್ಕೊಂದು ಗಂಟೆಯಂತೆ ಮೂರು ದಿನ ಇಡಬೇಕು. ಹಾಗೆ ಮೊದಲೇ ಇಟ್ಟದ್ದು ಸ್ವಲ್ಪ ಉಳಿದಿದ್ದರಿಂದ ಕೆಲಸ ನಿಲ್ಲಲಿಲ್ಲ.

ಬೆಳೆಸಬೇಕಿದ್ದದ್ದು ಥರ್ಮೋಟೋಗ ಮಾರಿಟಿಮಾ ಎಂಬ, ಆಮ್ಲಜನಕ ಒಗ್ಗದ ಬ್ಯಾಕ್ಟೀರಿಯಾ. ಇಟಲಿಯ ವಲ್ಕಾನೋ ದ್ವೀಪದ ಕಾದ ಕಡಲ ಕೆಸರಿನಲ್ಲಿ ಸಿಕ್ಕಿದ ಜೀವಿ. 80 ಡಿಗ್ರಿ ಅದಕ್ಕೆ ಹಿತ. ಸಕ್ಕರೆಯನ್ನು ಹುದುಗಿಸುವಾಗ ಹೈಡ್ರೋಜನ್ ಬಿಡುತ್ತದೆ, ಆ ಅನಿಲ ಬಾಟಲಿಯಲ್ಲಿ ಕೂಡಿದಂತೆ ಜೀವಿ ತಾನೇ ಸೊರಗುತ್ತದೆ. ಗಂಧಕ ಇದ್ದರೆ ಎಲೆಕ್ಟ್ರಾನುಗಳು ಅತ್ತ ಹರಿದು ಗಂಧಕ ಹೈಡ್ರೋಜನ್ ಸಲ್ಫೈಡ್ ಅನಿಲವಾಗುತ್ತದೆ, ಬೆಳವಣಿಗೆ ಮುಂದುವರಿಯುತ್ತದೆ.

ಬೆಳೆಸುವ ದ್ರವದ ಲೀಟರಿಗೆ 10 ಗ್ರಾಂ ಗಂಧಕ. ಒಣ ಪುಡಿ ನೀರಿಗೆ ಅಂಟದೆ ತೇಲುತ್ತದೆ. ಮೊದಲು ಸ್ವಲ್ಪ ನೀರಲ್ಲಿ ಕಲಸಿಕೊಂಡರೆ ಗೋಜಿಲ್ಲ. ಲೀಟರಿಗೆ 1 ಮಿಲಿಗ್ರಾಂ ರೆಸಝುರಿನ್ (ಆಮ್ಲಜನಕದ ಸುಳಿವು ಕೊಡುವ ಬಣ್ಣ) ಹಾಕಿ, ಸಾರಜನಕ ಹಾಯಿಸಿ, ಬ್ಯುಟೈಲ್ ರಬ್ಬರ್ ಬಿರಡೆ ಬಿಗಿದು, ಕೊನೆಗೆ ಉಳಿದ ಆಮ್ಲಜನಕ ತೆಗೆಯಲು ಸೋಡಿಯಂ ಸಲ್ಫೈಡ್. ಗುಲಾಬಿ ಬಣ್ಣ ಉಳಿದಿದ್ದರೆ ಆಮ್ಲಜನಕ ಇನ್ನೂ ಇದೆ ಎಂದರ್ಥ, ಬೀಜ, ಅಂದರೆ ಬೆಳೆಸಬೇಕಾದ ಬ್ಯಾಕ್ಟೀರಿಯಾ, ಹಾಕಬಾರದು. ಸಲ್ಫೈಡ್ ಸೇರಿದ ಮೇಲೆ ದ್ರವ ತಿಳಿ ಹಳದಿಗೆ ತಿರುಗಿದರೆ ಗಾಬರಿ ಬೇಡ: ಅದು ಪಾಲಿಸಲ್ಫೈಡ್, ಸಲ್ಫೈಡಿಗೆ ಗಂಧಕದ ಪರಮಾಣುಗಳು ಸರಪಳಿಯಾಗಿ ಸೇರಿದ ರೂಪ. ಗಂಧಕ ನೀರಲ್ಲಿ ಕರಗುವುದೇ ಇಲ್ಲವೆನ್ನಬಹುದು, ಆದರೆ ಈ ರೂಪದಲ್ಲಿ ಜೀವಕೋಶಕ್ಕೆ ತಲುಪಬಲ್ಲದು.

ಮೋಸ ಹೋಗುವುದು ಇಲ್ಲೇ. ಸಂಜೆ ಬಾಟಲಿಯ ಗಾಳಿಯನ್ನು 1 ಮಿಲಿಲೀಟರ್ ಸಿರಿಂಜಿನಲ್ಲಿ ಎಳೆದು ಹೈಡ್ರೋಜನ್ ಸಲ್ಫೈಡ್ ತಗುಲಿದರೆ ಕಪ್ಪಾಗುವ ಒದ್ದೆ ಲೆಡ್ ಅಸಿಟೇಟ್ ಕಾಗದಕ್ಕೆ ಬಿಟ್ಟರೆ ಕಪ್ಪಾಯಿತು. ಬೀಜವೇ ಹಾಕದ ಬಾಟಲಿಯದು? ಅದೂ ಕಂದು ಬಣ್ಣಕ್ಕೆ ತಿರುಗಿತು. ನಾವೇ ಹಾಕಿದ ಸಲ್ಫೈಡ್ ಒಂದು ಕಾರಣ; 80 ಡಿಗ್ರಿಯಲ್ಲಿ ದ್ರವದಲ್ಲಿರುವ ಪೋಷಕ ಯೀಸ್ಟ್ ಸಾರದೊಂದಿಗೆ ಗಂಧಕ ತಾನಾಗಿಯೇ ಅಷ್ಟಿಷ್ಟು ವರ್ತಿಸುವುದು ಇನ್ನೊಂದು. ಬೀಜವಿಲ್ಲದ ಆ ಬಾಟಲಿಯ ಲೆಕ್ಕ ಕಳೆಯದೆ ಬರೆದ ಅಂಕಿ ಅಂಕಿಯೇ ಅಲ್ಲ. ಸರಿಯಾಗಿ ಅಳೆಯಲು ಮಾದರಿಯನ್ನು ಕೂಡಲೇ ಝಿಂಕ್ ಅಸಿಟೇಟಿಗೆ ಬಿಟ್ಟು ಸಲ್ಫೈಡನ್ನು ಹಿಡಿದಿಟ್ಟು, ಅದರಿಂದ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಬರಿಸಿ, ಅದು 670 ನ್ಯಾನೋಮೀಟರ್ ಬೆಳಕನ್ನು ಎಷ್ಟು ಹೀರುತ್ತದೆಂದು ಓದಬೇಕು.

ಬಾಟಲಿ ತೆರೆಯುವುದು ವಿಷಾನಿಲ ಹೊರಗೆಳೆಯುವ ಫ್ಯೂಮ್ ಹುಡ್‌ನಲ್ಲೇ. ಕೊಳೆತ ಮೊಟ್ಟೆಯ ವಾಸನೆ ನಿಂತಿತೆಂದರೆ ಅನಿಲ ಹೋಯಿತೆಂದಲ್ಲ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ 100 ಭಾಗ (100 ಪಿಪಿಎಂ) ಆಗುವ ಹೊತ್ತಿಗೆ ಮೂಗೇ ಮರಗಟ್ಟುತ್ತದೆ.

ಬೆಳವಣಿಗೆಗೆ ಮಸುಕು ನೋಡಿ ಪ್ರಯೋಜನವಿಲ್ಲ, ಗಂಧಕದ ಕಣಗಳೂ ಮಸುಕೇ. ಹನಿಯೊಂದನ್ನು ಸೂಕ್ಷ್ಮದರ್ಶಕದಡಿ ಇಟ್ಟು ಎಣಿಸಬೇಕು: ಎರಡೂ ತುದಿಯಲ್ಲಿ ಸಡಿಲ ಚೀಲದಂಥ ಹೊದಿಕೆ ಉಬ್ಬಿದ ಕಡ್ಡಿಗಳು, ನಡುನಡುವೆ ಹೊಳೆಯುವ ಗಂಧಕದ ಚೂರುಗಳು.