ಹಳೆಯ ಗಾಡಿಯ ಆಯಿಲ್ ಪ್ಲಗ್ ಕೆಡುವುದು ಬಹುಮಟ್ಟಿಗೆ ನಮ್ಮ ಕೈಯಿಂದಲೇ

ಗಂಗಾವತಿಯಲ್ಲಿ ನಾನು ಗ್ಯಾರೇಜ್ ತೆರೆದು ಇಪ್ಪತ್ತೆರಡು ವರ್ಷಗಳಾದವು. ಹೊಸ ಕಾರುಗಳು ಕಂಪನಿಯ ಸರ್ವಿಸ್ ಸೆಂಟರಿಗೆ ಹೋಗುತ್ತವೆ. ನನ್ನ ಬಾಗಿಲಿಗೆ ಬರುವುದು ಮಾರುತಿ 800, ಓಮ್ನಿ, ಇಂಡಿಕಾ, ಸುಮೋ, ಅಪರೂಪಕ್ಕೊಮ್ಮೆ ಅಂಬಾಸಡರ್. ಮಾರುತಿ 800 ಮತ್ತು ಅಂಬಾಸಡರ್ ಎರಡರ ತಯಾರಿಕೆಯೂ 2014ರಲ್ಲಿಯೇ ನಿಂತಿದ್ದರಿಂದ ಅವುಗಳಲ್ಲಿ ಅತಿ ಕಿರಿಯ ಗಾಡಿಗೂ ಈಗ ಹತ್ತು ವರ್ಷ ದಾಟಿದೆ. ಇಂತಹ ಗಾಡಿ ಒಂದೂವರೆ ಲಕ್ಷ ಕಿ.ಮೀ. ಓಡಿದ್ದು, 5,000 ಕಿ.ಮೀ.ಗೊಮ್ಮೆ ಆಯಿಲ್ ಬದಲಾಗಿದ್ದರೆ, ಇಂಜಿನ್ನಿನ ಕೆಳಗೆ ಆಯಿಲ್ ನಿಲ್ಲುವ ಚೇಂಬರಿನ ತಳದಲ್ಲಿರುವ, ಆಯಿಲ್ ಇಳಿಸಲು ಬಿಚ್ಚುವ ಡ್ರೈನ್ ಪ್ಲಗ್ಗನ್ನು ಅಲ್ಲಿಯವರೆಗೆ 30 ಸಲ ಬಿಚ್ಚಿ ಹಾಕಿರುತ್ತಾರೆ. ಆ ಮೂವತ್ತು ಸಲವೂ ಒಂದೇ ಕೈ ಕೆಲಸ ಮಾಡಿರುವುದಿಲ್ಲ. ಪ್ಲಗ್ ಕೆಡುವುದಕ್ಕೆ ವಯಸ್ಸಿಗಿಂತ ಇದೇ ದೊಡ್ಡ ಕಾರಣವೆಂಬುದು ನನಗೆ ಮನದಟ್ಟಾದದ್ದು ಒಬ್ಬ ಮೇಷ್ಟ್ರ ಗಾಡಿಯಿಂದ.

ಕನಕಗಿರಿಯ ಆಚೆಯ ಹಳ್ಳಿಯೊಂದರಲ್ಲಿ ಪಾಠ ಹೇಳುತ್ತಿದ್ದ ಅವರು ತಮ್ಮ 800 ಗಾಡಿಯನ್ನು ನನ್ನಲ್ಲಿ ಸರ್ವಿಸ್ ಮಾಡಿಸಿಕೊಂಡು ಹೋಗಿ ವಾರವಾಗಿತ್ತು. ಮೇ ತಿಂಗಳ ಮಧ್ಯಾಹ್ನ ಫೋನ್ ಬಂತು: "ಮಿಸ್ತ್ರಿ, ಕೆಂಪು ಲೈಟ್ ಹತ್ತೇತಿ, ಒಳಗ ಕಟಕಟ ಅಂತೈತಿ, ಏನು ಮಾಡ್ಲಿ?" ಅದು ಆಯಿಲ್ ಪ್ರೆಶರಿನ ಲೈಟ್, ತಕ್ಷಣ ಬಂದ್ ಮಾಡಿರಿ ಎಂದೆ. ಆದರೆ ಬಿಸಿಲಿಗೆ ಹೆದರಿ, ನೆರಳು ಸಿಗುವವರೆಗೆ ಎಂದು ಅವರು ಅಷ್ಟರಲ್ಲಾಗಲೇ ಒಂದು ಕಿಲೋಮೀಟರಿನಷ್ಟು ಓಡಿಸಿಬಿಟ್ಟಿದ್ದರು. ಹೋಗಿ ನೋಡಿದಾಗ ಚೇಂಬರ್ ಬರಿದಾಗಿತ್ತು. ಪ್ಲಗ್ ಬಿದ್ದುಹೋಗಿರಲಿಲ್ಲ, ಅದು ತನ್ನ ಜಾಗದಲ್ಲಿಯೇ ಇತ್ತು. ಆದರೆ ಪ್ಲಗ್ ಕೂರುವ ನಟ್ಟಿನ ವೆಲ್ಡಿಂಗ್ ಸೀಳಿ, ನಟ್ಟು ಮತ್ತು ಪ್ಲಗ್ ಎರಡೂ ಒಟ್ಟಿಗೆ ತಿರುಗುತ್ತಿದ್ದವು. ಆ ಸೀಳಿನಿಂದ ಸುಮಾರು 3 ಲೀಟರ್ ಆಯಿಲ್ ದಾರಿಯುದ್ದಕ್ಕೂ ಸುರಿದುಹೋಗಿತ್ತು. ಪಿಸ್ಟನ್ನಿನ ರಾಡು ಕ್ರ್ಯಾಂಕನ್ನು (ಇಂಜಿನ್ನಿನ ಮುಖ್ಯ ತಿರುಗುವ ದಂಡ) ಹಿಡಿಯುವ ಕಡೆಯ ಬಿಗ್ ಎಂಡ್ ಬೇರಿಂಗ್‌ಗಳು ತಿಂದುಹೋಗಿ, ಕ್ರ್ಯಾಂಕ್ ಗ್ರೈಂಡಿಂಗ್ ಮಾಡಿಸಬೇಕಾಯಿತು. ಖರ್ಚನ್ನೆಲ್ಲ ನಾನೇ ಭರಿಸಿದೆ, ಏಕೆಂದರೆ ತಪ್ಪು ನನ್ನ ಗ್ಯಾರೇಜಿನದು. ಹಳೆಯ ವಾಷರ್ ಹಾಗೆಯೇ ಉಳಿಸಿ ಪ್ಲಗ್ ಹಾಕಿದ್ದರಿಂದ ಆಯಿಲ್ ಜಿನುಗಿತ್ತು. ಜಿನುಗುವುದನ್ನು ನಿಲ್ಲಿಸಲು ನಮ್ಮ ಹುಡುಗ ಪಾನಾಕ್ಕೆ ಪೈಪ್ ತೂರಿಸಿ ಬಿಗಿದಿದ್ದ. ಹಾಗೆ ಬಿಗಿಯುವುದನ್ನು ಅವನು ನನ್ನನ್ನು ನೋಡಿಯೇ ಕಲಿತಿದ್ದ.

ಪೈಪ್ ತೂರಿಸಿದರೆ ಏನಾಗುತ್ತದೆ ಎಂಬುದನ್ನು ಆ ಮೇಲೆ ನಾನು ಲೆಕ್ಕ ಹಾಕಿ ನೋಡಿದೆ. 14 ಮಿ.ಮೀ. ಪ್ಲಗ್ ಇರುವ ಹೆಚ್ಚಿನ ಸಣ್ಣ ಕಾರುಗಳಿಗೆ ಸರ್ವಿಸ್ ಪುಸ್ತಕಗಳು ಹೇಳುವ ಬಿಗಿ 30ರಿಂದ 40 ನ್ಯೂಟನ್ ಮೀಟರ್ (ತಿರುಗಿಸುವ ಬಲದ ಅಳತೆ). 20 ಸೆಂ.ಮೀ. ಉದ್ದದ ಪಾನಾದ ತುದಿಯಲ್ಲಿ ಸುಮಾರು 18 ಕಿಲೋ ತೂಕದಷ್ಟು ಬಲ ಹಾಕಿದರೆ 35 ನ್ಯೂಟನ್ ಮೀಟರ್ ಆಗುತ್ತದೆ. ಅದೇ ಬಲವನ್ನು 60 ಸೆಂ.ಮೀ. ಪೈಪಿನ ತುದಿಯಲ್ಲಿ ಹಾಕಿದರೆ ಬಿಗಿ ಮೂರು ಪಟ್ಟಾಗಿ ನೂರನ್ನು ದಾಟುತ್ತದೆ, ಕೈಗೆ ಮಾತ್ರ ವ್ಯತ್ಯಾಸವೇ ತಿಳಿಯುವುದಿಲ್ಲ. ಇದರ ಜೊತೆಗೆ ಇನ್ನೊಂದು ಸಂಗತಿಯಿದೆ. ನಾವು ಬೋಲ್ಟಿಗೆ ಹಾಕುವ ಬಲದಲ್ಲಿ ಸುಮಾರು ಅರ್ಧದಷ್ಟು ತಲೆಯ ಕೆಳಗಿನ ತಿಕ್ಕಾಟಕ್ಕೆ, ಮತ್ತೊಂದು ದೊಡ್ಡ ಪಾಲು ಥ್ರೆಡ್ಡಿನ (ಬೋಲ್ಟಿನ ಸುರುಳಿ ಹಲ್ಲುಗಳ) ತಿಕ್ಕಾಟಕ್ಕೆ ಹೋಗಿ, ನಿಜವಾದ ಹಿಡಿತಕ್ಕೆ ಸಿಗುವುದು ಹತ್ತರಲ್ಲಿ ಒಂದು ಪಾಲು ಮಾತ್ರ. ಥ್ರೆಡ್ ಮತ್ತು ವಾಷರ್ ಆಯಿಲಿನಲ್ಲಿ ನೆನೆದಿದ್ದರೆ ತಿಕ್ಕಾಟ ಕಡಿಮೆಯಾಗಿ, ಅದೇ ಬಿಗಿಗೆ ಹಿಡಿತ ಎಷ್ಟೋ ಹೆಚ್ಚಾಗುತ್ತದೆ. ಹೀಗಾಗಿ ಕೈಯ ಅಂದಾಜನ್ನು ನಂಬುವವರು, ಅದರಲ್ಲಿಯೂ ಅನುಭವಿಗಳು, ಪ್ಲಗ್ಗನ್ನು ತಮಗೆ ತಿಳಿಯದಂತೆಯೇ ಕೊಲ್ಲುತ್ತಾ ಬರುತ್ತಾರೆ. ತಗಡಿನ ಚೇಂಬರ್ ಆದರೆ ಒಳಗಿನ ನಟ್ಟಿನ ವೆಲ್ಡಿಂಗ್ ಬಿಡುತ್ತದೆ. ಅಲ್ಯೂಮಿನಿಯಂ ಚೇಂಬರ್ ಆದರೆ ಮೆತ್ತನೆಯ ಥ್ರೆಡ್ ಕಿತ್ತು ಪ್ಲಗ್ಗಿನ ಜೊತೆ ಸುರುಳಿಯಾಗಿ ಹೊರಗೆ ಬರುತ್ತದೆ. ಎರಡೂ ಒಂದೇ ದಿನದಲ್ಲಿ ಆಗುವುದಲ್ಲ. ಹತ್ತು ಸಲ ತಡೆದುಕೊಂಡದ್ದು ಹನ್ನೊಂದನೆಯ ಸಲ ಕೈಬಿಡುತ್ತದೆ, ಆ ಹನ್ನೊಂದನೆಯವನ ಮೇಲೆ ಅಪವಾದ ಬರುತ್ತದೆ.

ಇದಕ್ಕೆಲ್ಲ ಮೂಲ ವಾಷರ್. ಪ್ಲಗ್ಗಿನ ಬಳಿ ಆಯಿಲಿಗೆ ಒತ್ತಡವೇ ಇರುವುದಿಲ್ಲ, ಅಲ್ಲಿರುವುದು ನಿಂತ ಆಯಿಲಿನ ತೂಕ ಮಾತ್ರ. ಆದ್ದರಿಂದ ಸೋರಿಕೆಯನ್ನು ತಡೆಯುವುದು ಬಿಗಿಯ ಜೋರಲ್ಲ, ಪ್ಲಗ್ಗಿನ ತಲೆಗೂ ಚೇಂಬರಿಗೂ ನಡುವೆ ಚಪ್ಪಟೆಯಾಗಿ ಕೂರುವ ಮೆತ್ತನೆಯ ಲೋಹ. ತಾಮ್ರದ ವಾಷರ್ ಒಮ್ಮೆ ಒತ್ತಿಸಿಕೊಂಡ ಮೇಲೆ ಗಟ್ಟಿಯಾಗುತ್ತದೆ. ಗಟ್ಟಿಯಾದ ವಾಷರ್ ಎರಡನೆಯ ಸಲ ಗೀರುಗಳನ್ನು ತುಂಬಲಾರದು, ಜಿನುಗುತ್ತದೆ. ಜಿನುಗಿದ್ದನ್ನು ಕಂಡು ನಾವು ಇನ್ನಷ್ಟು ಬಿಗಿಯುತ್ತೇವೆ. ನನಗೆ ಕೆಲಸ ಕಲಿಸಿದ ಉಸ್ತಾದರು ಹಳೆಯ ತಾಮ್ರದ ವಾಷರನ್ನು ಗ್ಯಾಸ್ ಬೆಂಕಿಯಲ್ಲಿ ಕೆಂಪಾಗುವವರೆಗೆ ಕಾಯಿಸಿ ನೀರಿಗೆ ಹಾಕುತ್ತಿದ್ದರು. ತಾಮ್ರ ಹಾಗೆ ಮತ್ತೆ ಮೆತ್ತಗಾಗುತ್ತದೆ. ಅದು ಸರಿಯಾದ ಪದ್ಧತಿಯೇ ಹೌದು. ಆದರೆ ಅಲ್ಯೂಮಿನಿಯಂ ವಾಷರಿಗೆ ಇದು ಸಲ್ಲದು, ಅದನ್ನು ಒಂದು ಸಲ ಬಳಸಿ ಬಿಸಾಡಬೇಕು. ಈಗ ನನ್ನ ಗ್ಯಾರೇಜಿನಲ್ಲಿ ಪ್ರತಿ ಆಯಿಲ್ ಬದಲಾವಣೆಗೂ ಹೊಸ ವಾಷರ್ ಕಡ್ಡಾಯ. ಹಳೆಯದನ್ನು ಬಿಚ್ಚಿದ ಕೂಡಲೇ ಹುಡುಗರು ಸುತ್ತಿಗೆಯಿಂದ ಬಗ್ಗಿಸಿ ಡಬ್ಬಿಗೆ ಹಾಕುತ್ತಾರೆ. ಕೆಲವು ಸಲ ಹಳೆಯ ವಾಷರ್ ಚೇಂಬರಿಗೇ ಅಂಟಿಕೊಂಡಿರುತ್ತದೆ. ಅದನ್ನು ಕಾಣದೆ ಮೇಲೊಂದು ಹೊಸದು ಹಾಕಿದರೆ ಎರಡೂ ಸರಿಯಾಗಿ ಕೂರುವುದಿಲ್ಲವಾದ್ದರಿಂದ, ಬೆರಳಾಡಿಸಿ ನೋಡುವ ಅಭ್ಯಾಸ ಬೇಕು.

ಪ್ಲಗ್ಗನ್ನು ಮೊದಲು ಕೈಯಿಂದಲೇ ತಿರುಗಿಸಬೇಕು. ಥ್ರೆಡ್ಡಿಗೆ ಇಟ್ಟು ಒಮ್ಮೆ ಹಿಂದಕ್ಕೆ ತಿರುಗಿಸಿದರೆ ಸಣ್ಣದಾಗಿ ಟಕ್ ಎಂದು ಕೂರುವುದು ಬೆರಳಿಗೆ ಗೊತ್ತಾಗುತ್ತದೆ. ಅಲ್ಲಿಂದ ಮುಂದಕ್ಕೆ ಬೆರಳುಗಳಿಂದಲೇ ನಾಲ್ಕೈದು ಸುತ್ತು ಸಲೀಸಾಗಿ ಹೋಗಬೇಕು. ಹೋಗದಿದ್ದರೆ ಪಾನಾ ಎತ್ತಿಕೊಳ್ಳಬಾರದು, ಪ್ಲಗ್ ತೆಗೆದು ಥ್ರೆಡ್ ಒರೆಸಿ ನೋಡಬೇಕು. ಕೊನೆಯ ಬಿಗಿ, ಎಷ್ಟು ಬಿಗಿದೆವೆಂದು ಅಳೆದು ಹೇಳುವ ಟಾರ್ಕ್ ವ್ರೆಂಚಿನಿಂದ, ಆಯಾ ಗಾಡಿಯ ಪುಸ್ತಕ ಹೇಳಿದಷ್ಟು ಮಾತ್ರ. ತಲೆ ಸವೆದ ಪ್ಲಗ್ಗನ್ನು ಮತ್ತೆ ಹಾಕುವುದನ್ನು ನಾನು ನಿಲ್ಲಿಸಿದ್ದೇನೆ.

ಇಲ್ಲಿಯ ದಾರಿಗಳ ವಿಷಯವನ್ನೂ ಹೇಳಬೇಕು. ಎರೆ ಹೊಲದ ದಾರಿಯಲ್ಲಿ ಮಳೆಗಾಲದ ಟ್ರ್ಯಾಕ್ಟರ್ ಗಾಲಿಗಳು ಕೊರೆದ ಹಳ್ಳಗಳು ಬೇಸಿಗೆಯಲ್ಲಿ ಇಟ್ಟಿಗೆಯಂತೆ ಗಟ್ಟಿಯಾಗಿ, ನಡುವಿನ ದಿಂಡು ಚೇಂಬರಿಗೆ ತಗಲುತ್ತದೆ. ಭತ್ತದ ಸುಗ್ಗಿಯ ನಂತರ ಬರುವ ಗಾಡಿಗಳಲ್ಲಿ ಪ್ಲಗ್ಗಿನ ತಲೆ ಉಜ್ಜಿ ಹೊಳೆಯುತ್ತಿರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಹೀಗೆ ಓಡಾಡುವವರು ಚೇಂಬರ್ ಗಾರ್ಡ್ ಹಾಕಿಸುವುದು ಒಳ್ಳೆಯದು; ಆದರೆ ಗಾರ್ಡಿನೊಳಗೆ ಕೂತ ಕೆಸರನ್ನು ತೊಳೆಯದಿದ್ದರೆ ತಗಡು ತುಕ್ಕು ಹಿಡಿಯುತ್ತದೆ.

ಪ್ಲಗ್ಗಿನಿಂದ ಹನಿ ಬೀಳುತ್ತಿದೆ ಎಂದು ಬರುವ ಗಾಡಿಗಳಲ್ಲಿ ಅನೇಕವು ನಿಜಕ್ಕೂ ಮೇಲಿನಿಂದ ಸೋರುತ್ತಿರುತ್ತವೆ. ಟ್ಯಾಪೆಟ್ ಕವರಿನ ಪ್ಯಾಕಿಂಗ್, ಆಯಿಲ್ ಪ್ರೆಶರ್ ಸ್ವಿಚ್, ಕ್ರ್ಯಾಂಕಿನ ಮುಂದಿನ ಸೀಲ್, ಇವುಗಳಿಂದ ಇಳಿದ ಆಯಿಲ್ ಎಲ್ಲಕ್ಕಿಂತ ಕೆಳಗಿರುವ ಪ್ಲಗ್ಗಿನ ತುದಿಯಿಂದ ತೊಟ್ಟಿಕ್ಕುತ್ತದೆ. ಹಳೆಯ ಇಂಜಿನ್ನಿನಲ್ಲಿ ಪಿಸ್ಟನ್ ರಿಂಗ್ ಸವೆದು ಒಳಗೆ ಹೊಗೆಯ ಒತ್ತಡ ಹೆಚ್ಚಿದ್ದು, ಆ ಹೊಗೆಯನ್ನು ಹೊರಬಿಡುವ ಬ್ರೀದರ್ ಪೈಪ್ ಧೂಳಿನಿಂದ ಕಟ್ಟಿಕೊಂಡಿದ್ದರೆ ಸೀಲುಗಳು ಬೇಗ ಸೋರುತ್ತವೆ. ಆದ್ದರಿಂದ ಮೊದಲು ಡೀಸೆಲ್ಲಿನಿಂದ ತೊಳೆದು, ಬಟ್ಟೆಯಿಂದ ಚೆನ್ನಾಗಿ ಒರೆಸಿ ಒಣಗಿಸಿ, ಸುತ್ತಲೂ ಪೌಡರ್ ಉದುರಿಸಿ, ಕಾಲು ಗಂಟೆ ಇಂಜಿನ್ ಓಡಿಸಿ ನೋಡುತ್ತೇನೆ. ಪೌಡರ್ ಎಲ್ಲಿಂದ ಕಪ್ಪಾಗುತ್ತಾ ಬರುತ್ತದೆಯೋ ರೋಗ ಅಲ್ಲಿದೆ. ಈ ಕಾಲು ಗಂಟೆಯ ತಾಳ್ಮೆ ಇಲ್ಲದೆ, ತಪ್ಪೇ ಮಾಡದ ಪ್ಲಗ್ಗನ್ನು ಬಿಗಿದು ಕೆಡಿಸಿದ ಗಾಡಿಗಳು ನನ್ನಲ್ಲಿಗೆ ಬಂದಿವೆ.

ಹೊರಗೆ ಕಾಣದ ಪ್ಲಗ್ಗುಗಳೂ ಇವೆ, ಅವು ಇನ್ನೂ ಅಪಾಯಕಾರಿ. ಇಂಜಿನ್ ಬ್ಲಾಕಿನೊಳಗೆ ಆಯಿಲ್ ಹರಿಯುವ ಉದ್ದನೆಯ ದಾರಿಯಾದ ಗ್ಯಾಲರಿಯನ್ನು ಕಾರ್ಖಾನೆಯಲ್ಲಿ ಹೊರಗಿನಿಂದ ಕೊರೆದು, ಆ ತುದಿಗಳನ್ನು ಪ್ಲಗ್ಗಿನಿಂದ ಮುಚ್ಚಿರುತ್ತಾರೆ. ನೀರಿನ ದಾರಿಗೆ ಹಾಕುವ ಡಮ್ಮಿ ಮುಚ್ಚಳಗಳೇ ಬೇರೆ, ಇವೇ ಬೇರೆ; ಇಲ್ಲಿ ಪಂಪಿನ ಪೂರ್ಣ ಒತ್ತಡವಿರುತ್ತದೆ. ಒಮ್ಮೆ ಅಕ್ಕಿ ಗಿರಣಿಯವರ ಹಳೆಯ ಡೀಸೆಲ್ ಗಾಡಿಯ ಇಂಜಿನ್ ಕಟ್ಟಿದ ಮೇಲೆ, ತಣ್ಣಗಿದ್ದಾಗ ಪ್ರೆಶರ್ ಚೆನ್ನಾಗಿದ್ದು, ಬಿಸಿಯಾದ ಕೂಡಲೇ ಐಡಲಿನಲ್ಲಿ (ಆಕ್ಸಿಲರೇಟರ್ ಒತ್ತದೆ ಇಂಜಿನ್ ಓಡುವಾಗ) ಆಯಿಲ್ ಲೈಟ್ ಮಿಣುಕತೊಡಗಿತು. ಆ ಲೈಟ್ ಸಾಮಾನ್ಯವಾಗಿ ಹತ್ತುವುದು ಪ್ರೆಶರ್ ಅರ್ಧ ಬಾರ್ (ಒತ್ತಡದ ಅಳತೆ) ಅಥವಾ ಅದಕ್ಕೂ ಕೆಳಗೆ ಕುಸಿದ ಮೇಲೆಯೇ. ಸ್ವಿಚ್ ಬಿಚ್ಚಿ ಗೇಜ್ ಹಾಕಿ ನೋಡಿದರೂ ಅದೇ ಫಲ. ಬೇರಿಂಗ್ ಸಡಿಲವಿರಬೇಕೆಂದು ಚೇಂಬರ್ ಇಳಿಸಿದೆ, ಬೇರಿಂಗ್ ಸರಿಯಿದ್ದವು. ಕೊನೆಗೆ ಇಂಜಿನ್ನಿನ ಮುಂಭಾಗದ ಟೈಮಿಂಗ್ ಕವರ್ ತೆಗೆದಾಗ ಗ್ಯಾಲರಿಯ ಮುಂದಿನ ಪ್ಲಗ್ ಬೆರಳಿಗೇ ಅಲುಗಾಡಿತು. ಬ್ಲಾಕ್ ತೊಳೆಯಲು ಬಿಚ್ಚಿದ್ದ ಪ್ಲಗ್ಗನ್ನು ನಾನೇ ಅವಸರದಲ್ಲಿ ಟೆಫ್ಲಾನ್ ಟೇಪ್ ಸುತ್ತಿ ಹಾಕಿದ್ದೆ. ಸೋರಿದ ಆಯಿಲ್ ಕವರಿನೊಳಗೇ ಇಳಿದು ಚೇಂಬರಿಗೆ ಮರಳುತ್ತಿದ್ದುದರಿಂದ ಹೊರಗೆ ಒಂದು ಹನಿಯೂ ಕಾಣಿಸಿರಲಿಲ್ಲ. ಟೇಪಿನ ಎಳೆಯೊಂದು ಗ್ಯಾಲರಿಯೊಳಗೆ ನೇತಾಡುತ್ತಿತ್ತು. ಅದು ತುಂಡಾಗಿ ಬೇರಿಂಗಿನ ರಂಧ್ರಕ್ಕೆ ಸೇರಿದ್ದರೆ ಇಡೀ ಇಂಜಿನ್ ಹೋಗುತ್ತಿತ್ತು.

ಅಂದಿನಿಂದ ಗ್ಯಾಲರಿಗೆ ಟೇಪನ್ನಾಗಲಿ, ಒಳಗೆ ಹಿಂಡಿಕೊಳ್ಳುವ ಸಿಲಿಕೋನ್ ಪೇಸ್ಟನ್ನಾಗಲಿ ನಾನು ಮುಟ್ಟುವುದಿಲ್ಲ. ಥ್ರೆಡ್ಡಿನ ಎಣ್ಣೆ ಜಿಡ್ಡನ್ನು ಪೂರ್ತಿ ತೆಗೆದು, ಗಾಳಿಯಿಲ್ಲದ ಕಡೆ ಗಟ್ಟಿಯಾಗುವ ಥ್ರೆಡ್ ಸೀಲರನ್ನು ತೆಳುವಾಗಿ, ಮೊದಲ ಎರಡು ಸುತ್ತು ಬಿಟ್ಟು ಹಚ್ಚುತ್ತೇನೆ. ಪ್ಲಗ್ ಮೊದಲಿದ್ದ ಆಳಕ್ಕಿಂತ ಒಳಗೆ ಹೋದರೆ ಅಡ್ಡ ಬರುವ ದಾರಿಯನ್ನು ಮುಚ್ಚಿಬಿಡುವುದರಿಂದ, ಬಿಚ್ಚುವಾಗಲೇ ಆಳ ಅಳೆದು ನೋಟ್ ಪುಸ್ತಕದಲ್ಲಿ ಬರೆದಿಡುತ್ತೇನೆ. ಎಷ್ಟು ಪ್ಲಗ್ ಬಿಚ್ಚಿದೆವು, ಎಷ್ಟು ಹಾಕಿದೆವು ಎಂಬ ಎಣಿಕೆಯೂ ಅದೇ ಪುಟದಲ್ಲಿರುತ್ತದೆ. ಎರಡೂ ಹೊಂದದೆ ಟೈಮಿಂಗ್ ಕವರ್ ಮುಚ್ಚುವುದಿಲ್ಲ.

ಥ್ರೆಡ್ ಆಗಲೇ ಕೆಟ್ಟಿದ್ದರೆ ಎಂ-ಸೀಲ್ ಮೆತ್ತಿ ಕಳಿಸುವುದು ಪರಿಹಾರವಲ್ಲ. ಬಿಸಿ ಆಯಿಲ್ ಮತ್ತು ಅದುರಾಟ ಸೇರಿ ಅದನ್ನು ಎಬ್ಬಿಸುತ್ತವೆ. ಚೇಂಬರ್ ಇಳಿಸಿ, ಅಲ್ಯೂಮಿನಿಯಂ ಆದರೆ ಉಕ್ಕಿನ ಥ್ರೆಡ್ ಇನ್ಸರ್ಟ್ (ತೂತಿನೊಳಗೆ ಕೂರಿಸುವ ಹೊಸ ಥ್ರೆಡ್) ಹಾಕಿಸಿ, ತಗಡಿನದಾದರೆ ಹೊಸ ನಟ್ಟು ವೆಲ್ಡ್ ಮಾಡಿಸಿ, ಒಳಗಿನ ಚೂರುಗಳನ್ನು ತೊಳೆದು ಜೋಡಿಸಬೇಕು. ದೊಡ್ಡ ಗಾತ್ರದ ಪ್ಲಗ್ಗನ್ನು ಗಾಡಿಯ ಕೆಳಗೆ ಮಲಗಿಯೇ ಕೊರೆದು ತೂರಿಸುವವರಿದ್ದಾರೆ. ಆ ಕೊರೆತದ ಪುಡಿ ಎಲ್ಲಿಗೆ ಹೋಗುತ್ತದೆ ಎಂದು ಗಾಡಿಯ ಮಾಲೀಕರು ಅವರನ್ನು ಕೇಳಬೇಕು.

ಆಯಿಲ್ ಬದಲಿಸಿದ ಮೇಲೆ ಐದು ನಿಮಿಷ ಇಂಜಿನ್ ಓಡಿಸಿ, ಟಾರ್ಚ್ ಹಿಡಿದು ಪ್ಲಗ್ಗಿನ ಸುತ್ತ ನೋಡಿಯೇ ಗಾಡಿ ಬಿಡುತ್ತೇನೆ. ಮಾಲೀಕರಿಗೂ ಒಂದು ಮಾತು ಹೇಳುತ್ತೇನೆ: ಮರುದಿನ ಬೆಳಗ್ಗೆ ಗಾಡಿ ನಿಲ್ಲಿಸಿದ ಜಾಗದಲ್ಲಿ ಒಂದು ರಟ್ಟು ಹಾಸಿ ನೋಡಿರಿ, ಹನಿ ಕಂಡರೆ ಯಾರ ಕೈಯಲ್ಲಿಯೂ ಬಿಗಿಸಬೇಡಿರಿ, ಡಿಪ್ ಸ್ಟಿಕ್ಕಿನಲ್ಲಿ (ಆಯಿಲ್ ಅಳೆಯುವ ಕಡ್ಡಿ) ಆಯಿಲ್ ಎಷ್ಟಿದೆ ನೋಡಿಕೊಂಡು ನನ್ನಲ್ಲಿಗೇ ತನ್ನಿರಿ, ಆಯಿಲ್ ಇಳಿಸಿ ವಾಷರ್ ಬದಲಿಸಿ ಕೊಡುತ್ತೇನೆ, ಅದಕ್ಕೆ ಕೂಲಿ ತೆಗೆದುಕೊಳ್ಳುವುದಿಲ್ಲ.