ಪಿಕಪ್ಪಿನ ಬಾಗಿಲ ಬಳಿಯ ಚೀಟಿ

ಡೆನ್ವರ್‌ನಲ್ಲಿರುವ ನನ್ನ ಸೋದರಳಿಯ ಮೊನ್ನೆ ಫೋನ್ ಮಾಡಿ, "ಮಾಮಾ, ನಮ್ಮ ಪಿಕಪ್ 4,500 ಕೆ.ಜಿ. ಎಳೀತದಂತ. ನಾವು ನೋಡಿದ ವಾಸದ ಟ್ರೇಲರ್ ಪೂರ್ತಿ ತುಂಬಿದರೂ 3,200 ದಾಟೂದಿಲ್ಲ. ತಗೋಬಹುದಲ್ಲ?" ಎಂದು ಕೇಳಿದ. ಇಲ್ಲಿ ಪುಣೆಯ ಚಾಕಣದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯಲ್ಲಿ ದುಡಿಯುವ ನಾನು, ಚಾಲಕನ ಬಾಗಿಲು ತೆರೆದು ಕಂಬದ ಮೇಲಿನ ಚೀಟಿಯ ಚಿತ್ರ ಕಳಿಸೆಂದೆ. ಜನ ಮತ್ತು ಸಾಮಾನು ಸೇರಿ 680 ಕೆ.ಜಿ. ಮೀರಬಾರದು ಎಂದು ಅದರಲ್ಲಿತ್ತು.

ಎಳೆಯುವ ಶಕ್ತಿಗಿಂತ ಹೊರುವ ಶಕ್ತಿ ಮೊದಲು ತೀರುತ್ತದೆ. ಇಂಥ ಟ್ರೇಲರಿನ ತೂಕದಲ್ಲಿ ಶೇಕಡಾ 10ರಿಂದ 15ರಷ್ಟು ಮೂಕಿಯ, ಅಂದರೆ ಪಿಕಪ್ಪಿಗೆ ಜೋಡಿಸುವ ಟ್ರೇಲರಿನ ಮುಂಚಾಚಿನ, ಮೂಲಕ ಪಿಕಪ್ಪಿನ ಮೇಲೆ ಬೀಳಬೇಕು; ಹಿಂಭಾರವಾಗಿ ಹೇರಿದ ಟ್ರೇಲರ್ ವೇಗ ಏರಿದಂತೆ ಎಡಬಲಕ್ಕೆ ತೂಗಾಡಿ ಪಿಕಪ್ಪನ್ನೇ ಎಳೆದಾಡುತ್ತದೆ. 3,200ಕ್ಕೆ ಶೇಕಡಾ 13 ಹಿಡಿದರೆ 416 ಕೆ.ಜಿ. ಗಂಡ, ಹೆಂಡತಿ, ಇಬ್ಬರು ಮಕ್ಕಳು ಸೇರಿ 240, ಜೋಡಣೆಯ ಕಬ್ಬಿಣ 40, ಹಿಂದಿನ ತೊಟ್ಟಿಯಲ್ಲಿ ಜನರೇಟರ್ ಮತ್ತು ಸೈಕಲ್ಲುಗಳು 90. ಒಟ್ಟು 786.

ಅಷ್ಟಕ್ಕೇ ಮುಗಿಯುವುದಿಲ್ಲ. ಮೂಕಿಯ ಭಾರ ಬೀಳುವುದು ಹಿಂದಿನ ಆಕ್ಸಲ್ಲಿಗಿಂತಲೂ ಹಿಂದೆ. ಆ ಅಂತರ 1.2 ಮೀಟರ್, ಎರಡು ಆಕ್ಸಲ್ಲುಗಳ ನಡುವಿನ ದೂರ 3.7 ಮೀಟರ್ ಎಂದಿಟ್ಟುಕೊಂಡರೆ, ಆ 416 ಕೆ.ಜಿ. ಮುಂದಿನ ಚಕ್ರಗಳ ಮೇಲಿಂದ ಸುಮಾರು 135 ಕೆ.ಜಿ.ಯನ್ನು ಎತ್ತಿ ಹಿಂದಿನ ಆಕ್ಸಲ್ಲಿನ ಮೇಲೆ 551 ಕೆ.ಜಿ. ಹೊರಿಸುತ್ತದೆ. ಸ್ಟೀರಿಂಗ್ ಹಗುರವಾಗುವುದು ಇದರಿಂದಲೇ. ಜೋಡಣೆಗೆ ಹಾಕುವ ಭಾರ ಹಂಚುವ ಸ್ಪ್ರಿಂಗ್ ಸರಳುಗಳು ಒಂದಿಷ್ಟನ್ನು ಮುಂದಕ್ಕೂ ಟ್ರೇಲರಿನ ಚಕ್ರಗಳಿಗೂ ಮರಳಿಸುತ್ತವೆಯೇ ಹೊರತು ಚೀಟಿಯ 680ನ್ನು ಹೆಚ್ಚಿಸುವುದಿಲ್ಲ.

ಹಾಗಾದರೆ 4,500 ಸುಳ್ಳೇ? ಸುಳ್ಳಲ್ಲ. ವಾಹನ ಎಂಜಿನಿಯರುಗಳ ಸಂಸ್ಥೆ ಎಸ್‌ಎಇ ರೂಪಿಸಿದ, ಎಳೆಯುವ ಶಕ್ತಿ ಅಳೆಯುವ ಜೆ2807 ಮಾನದಂಡದ ಪ್ರಕಾರ ತಲಾ 68 ಕೆ.ಜಿ.ಯ ಇಬ್ಬರು ಕುಳಿತಿದ್ದಾರೆಂದು ಲೆಕ್ಕ ಹಿಡಿದು ಆ ಅಂಕಿ ಕಟ್ಟುತ್ತಾರೆ, ಅರಿಜೋನಾದ ಡೇವಿಸ್ ಡ್ಯಾಮ್ ಏರನ್ನು ಎ.ಸಿ. ಹಚ್ಚಿಕೊಂಡು ಹತ್ತುವ ಪರೀಕ್ಷೆಯೂ ಅದರಲ್ಲಿದೆ. ಮಕ್ಕಳೊಂದಿಗರು ಆ ಲೆಕ್ಕದಲ್ಲಿಲ್ಲ.

ಟ್ರೇಲರಿನ ಕರಪತ್ರದಲ್ಲಿರುವ ಖಾಲಿ ತೂಕವನ್ನಂತೂ ನಂಬಬಾರದು. ಅದರ ಟ್ಯಾಂಕಿಗೆ 150 ಲೀಟರ್ ನೀರು ತುಂಬಿದರೆ ಅದೊಂದೇ 150 ಕೆ.ಜಿ. ನಮ್ಮ ಚಾಕಣದ ಲಾರಿಗಳ ಹಾಗೆ ವಜನಕಾಟಾ ಹತ್ತಿಸುವುದೇ ಸರಿ. ಮೊದಲು ಎಲ್ಲರೂ ಕುಳಿತ ಪಿಕಪ್ ಒಂದನ್ನೇ ತೂಗಬೇಕು. ಬಳಿಕ ಟ್ರೇಲರ್ ಜೋಡಿಸಿ, ಸರಳುಗಳನ್ನು ಬಿಗಿಯದೆ, ಪಿಕಪ್ಪಿನ ಚಕ್ರಗಳಷ್ಟೇ ಕಾಟಾದ ಮೇಲಿರುವಂತೆ ನಿಲ್ಲಿಸಿ ಮತ್ತೆ ತೂಗಬೇಕು. ಎರಡರ ವ್ಯತ್ಯಾಸವೇ ಮೂಕಿಯ ಭಾರ.

ಪುಣೆ-ಮುಂಬೈ ದಾರಿಯ ಖಂಡಾಳಾ ಘಾಟಿನಲ್ಲಿ ಬ್ರೇಕು ಕಾದ ವಾಸನೆ ಕುಡಿದವರಿಗೆ ಇಳಿಜಾರಿನ ಮಾತು ಬಿಡಿಸಿ ಹೇಳಬೇಕಿಲ್ಲ. ಟ್ರೇಲರಿಗೆ ತನ್ನದೇ ಬ್ರೇಕು ಇರಬೇಕು, ಅದರ ಹಿಡಿಕೆ ಚಾಲಕನ ಕೈಗೆ ಸಿಗಬೇಕು. ತೂಗಾಟ ಶುರುವಾದಾಗ ಆಕ್ಸಿಲರೇಟರ್ ಬಿಟ್ಟು, ಪಿಕಪ್ಪಿನ ಬ್ರೇಕು ತುಳಿಯದೆ, ಆ ಹಿಡಿಕೆಯನ್ನಷ್ಟೇ ಒತ್ತಬೇಕು.

ಈಗ ಅವನು ತುಂಬಿದಾಗ 2,200 ಕೆ.ಜಿ. ಬರುವ ಟ್ರೇಲರ್ ನೋಡುತ್ತಿದ್ದಾನೆ. ಮೂಕಿಗೆ 286, ಉಳಿದದ್ದು ಮೊದಲಿನಷ್ಟೇ, ಒಟ್ಟು 656. ಬಾಕಿ 24 ಕೆ.ಜಿ. ನನಗೆ ಸಾಲದು, ಸೈಕಲ್ಲುಗಳನ್ನು ಮನೆಯಲ್ಲೇ ಬಿಡು ಎಂದಿದ್ದೇನೆ, ಮಕ್ಕಳು ಒಪ್ಪುತ್ತಿಲ್ಲವಂತೆ.